ಬೂತಾಯಿಯ ಎಣ್ಣೆ ಮತ್ತು ರಕ್ತದ ಕೊಬ್ಬು



ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ನಮ್ಮ ಕರಾವಳಿಯ ದೋಣಿಗಳು ಮತ್ತೆ ಕಡಲಿಗಿಳಿದಿವೆ. ಮಂಗಳೂರಿನ ಧಕ್ಕೆಯಿಂದ ಕಾರವಾರದ ಬಂದರಿನವರೆಗೆ ಬುಟ್ಟಿಗಳು ತುಂಬುವ ಕಾಲ ಇದು. ಅಂಜಲ್, ಮಾಂಜಿಗಳ ಬೆಲೆ ಕೇಳಿ ಹಿಂದೆ ಸರಿಯುವವರೂ ಬಂಗುಡೆಯ ಮುಂದೆ, ಬೂತಾಯಿಯ ಮುಂದೆ ನಿಲ್ಲುತ್ತಾರೆ. ಕಾರವಾರದ ಕಡೆಯವರು ತಾರ್ಲೆ ಎನ್ನುವ, ದಕ್ಷಿಣ ಕನ್ನಡದವರು ಬೂತಾಯಿ ಎನ್ನುವ ಆ ಗೇಣುದ್ದದ ಬೆಳ್ಳಿ ಮೀನಿನ ಬಗ್ಗೆ ನಾನು ಇವತ್ತು ಮಾತನಾಡಬೇಕೆಂದಿದ್ದೇನೆ. ಅದಕ್ಕೆ ಕಾರಣ ನನ್ನ ಚಿಕಿತ್ಸಾಲಯಕ್ಕೆ ಬಂದ ಒಬ್ಬ ಮೀನುಗಾರರು.

ಎರಡು ವರ್ಷಗಳ ಹಿಂದೆ ಎದೆನೋವನ್ನು ಗ್ಯಾಸ್ ಎಂದುಕೊಂಡು ಒಂದು ಇಡೀ ರಾತ್ರಿ ಓಮಿನ ನೀರು ಕುಡಿದು ಕಳೆದವರು ಅವರು. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬದುಕಿದರು. ಕಳೆದ ತಿಂಗಳು ಬಂದವರು ಕೂತ ಕೂಡಲೇ ಹೇಳಿದರು: "ಡಾಕ್ಟ್ರೇ, ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟೆ ಮಾರಾಯ್ರೆ. ಮಗ ಮೊಬೈಲಿನಲ್ಲಿ ತೋರಿಸಿದ, ಬೂತಾಯಿ ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತದಂತೆ. ಈಗ ದಿನಾ ಬೂತಾಯಿಯೇ."

"ಎಷ್ಟು ಸಮಯ ಆಯಿತು ಬಿಟ್ಟು?"

"ನಾಲ್ಕು ತಿಂಗಳು."

ರಕ್ತ ಪರೀಕ್ಷೆ ಮಾಡಿಸಿದೆ. ಟ್ರೈಗ್ಲಿಸರೈಡ್ ಎಂಬ ಸಾಲಿನಲ್ಲಿ ಅಂಕಿ ತುಸು ಇಳಿದಿತ್ತು. ಎಲ್‌ಡಿಎಲ್ ಎಂಬ ಸಾಲಿನಲ್ಲಿ ಮಾತ್ರೆ ನುಂಗುತ್ತಿದ್ದ ಕಾಲದ ಅಂಕಿಯ ಎರಡರಷ್ಟರ ಸಮೀಪಕ್ಕೆ ಏರಿತ್ತು. ಒಂದೇ ಕಾಗದದಲ್ಲಿ ಒಂದು ಸಾಲು ಇಳಿದು, ಇನ್ನೊಂದು ಏರಿದ್ದು ಹೇಗೆ? ಅವರಿಗೆ ಅರ್ಧ ಗಂಟೆ ಕೂತು ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ. ಏಕೆಂದರೆ ಈ ತಪ್ಪು ತಿಳಿವಳಿಕೆ ಅವರೊಬ್ಬರದಲ್ಲ.

ನಾವು 'ಕೊಲೆಸ್ಟ್ರಾಲ್' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಒಂದು ವಸ್ತುವಲ್ಲ. ಕೊಬ್ಬು ನೀರಿನಲ್ಲಿ ಬೆರೆಯುವುದಿಲ್ಲ, ರಕ್ತವಾದರೋ ಬಹುಪಾಲು ನೀರು. ಹಾಗಾಗಿ ಯಕೃತ್ತು ಕೊಬ್ಬನ್ನು ಪ್ರೋಟೀನಿನ ಹೊದಿಕೆಯಲ್ಲಿ ಸಣ್ಣ ಸಣ್ಣ ಗಂಟು ಕಟ್ಟಿ ರಕ್ತಕ್ಕೆ ಬಿಡುತ್ತದೆ. ಆ ಗಂಟಿನೊಳಗೆ ಮುಖ್ಯವಾಗಿ ಎರಡು ಸರಕು. ಒಂದು ಟ್ರೈಗ್ಲಿಸರೈಡ್, ಅಂದರೆ ದೇಹ ಉರಿಸಲು ಇಟ್ಟುಕೊಳ್ಳುವ ಕೊಬ್ಬು, ಒಲೆಗೆ ಕಟ್ಟಿಗೆ ಇದ್ದ ಹಾಗೆ. ಇನ್ನೊಂದು ಕೊಲೆಸ್ಟ್ರಾಲ್, ಜೀವಕೋಶಗಳ ಗೋಡೆ ಕಟ್ಟಲು, ಹಾರ್ಮೋನು ತಯಾರಿಸಲು ಬೇಕಾದ ಸಾಮಗ್ರಿ. ದಾರಿಯುದ್ದಕ್ಕೂ ಟ್ರೈಗ್ಲಿಸರೈಡನ್ನು ಸ್ನಾಯುಗಳಿಗೆ ಹಂಚಿ ಹಂಚಿ ಗಂಟು ಚಿಕ್ಕದಾಗುತ್ತದೆ, ಕೊನೆಗೆ ಉಳಿಯುವುದು ಕೊಲೆಸ್ಟ್ರಾಲ್ ತುಂಬಿದ ಸಣ್ಣ ಉಂಡೆ. ಅದೇ ಎಲ್‌ಡಿಎಲ್. ರಕ್ತನಾಳದ ಗೋಡೆಯೊಳಗೆ ನುಸುಳಿ, ಅಲ್ಲಿ ಸಿಕ್ಕಿಕೊಂಡು, ವರ್ಷಗಟ್ಟಲೆ ಪದರ ಕಟ್ಟುವುದು ಹೆಚ್ಚಾಗಿ ಈ ಉಂಡೆ. ಹೃದಯಾಘಾತದ ಮೂಲ ಅಲ್ಲಿದೆ.

ಈಗ ಮೀನಿನ ಎಣ್ಣೆಗೆ ಬರೋಣ. ಡಿಸೆಂಬರಿನ ಚಳಿಗೆ ಘಟ್ಟದ ಮೇಲಿನ ಊರುಗಳಲ್ಲಿ ತೆಂಗಿನೆಣ್ಣೆ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ತುಪ್ಪವೂ ಹಾಗೆಯೇ. ಮೀನಿನೆಣ್ಣೆ ಹಾಗಾಗುವುದಿಲ್ಲ. ಬಿಸಿ ರಕ್ತವಿಲ್ಲದ, ತಣ್ಣನೆ ನೀರಿನಲ್ಲೂ ಈಜಬೇಕಾದ ಜೀವಿಯ ಮೈಯಲ್ಲಿ ಕೊಬ್ಬು ಹೆಪ್ಪುಗಟ್ಟಿದರೆ ಅದು ಬದುಕುವಂತಿಲ್ಲ. ಮೀನಿನ ಕೊಬ್ಬಿನ ಅಣುಗಳಲ್ಲಿ ಹಲವು ಕಡೆ ಬಾಗು ಇದೆ. ಬಾಗಿದ ಕಡ್ಡಿಗಳನ್ನು ಒತ್ತಾಗಿ ಕಂತೆ ಕಟ್ಟಲು ಆಗದ ಹಾಗೆ, ಈ ಅಣುಗಳೂ ಒತ್ತಾಗಿ ಕೂಡಿಕೊಂಡು ಗಟ್ಟಿಯಾಗುವುದಿಲ್ಲ. ಒಮೇಗಾ-3 ಎಂದು ಔಷಧ ಅಂಗಡಿಯ ಡಬ್ಬಿಗಳ ಮೇಲೆ ಓದುತ್ತೀರಲ್ಲ, ಅದು ಈ ಬಗೆಯ ಕೊಬ್ಬಿನ ಹೆಸರು. ಮೀನಿನಲ್ಲಿರುವ ಒಮೇಗಾ-3ರಲ್ಲಿ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಮುಖ್ಯ.

ಈ ಒಮೇಗಾ-3 ಯಕೃತ್ತಿಗೆ ಹೋದಾಗ ಅಲ್ಲಿ ಹೊಸ ಕೊಬ್ಬಿನ ತಯಾರಿ ಕಡಿಮೆಯಾಗುತ್ತದೆ, ಇದ್ದ ಕೊಬ್ಬು ಹೆಚ್ಚು ಉರಿಯುತ್ತದೆ. ಯಕೃತ್ತು ರಕ್ತಕ್ಕೆ ಬಿಡುವ ಟ್ರೈಗ್ಲಿಸರೈಡ್ ತಗ್ಗುತ್ತದೆ. ಆದರೆ ರಕ್ತದಲ್ಲಿ ಆಗಲೇ ಓಡಾಡುತ್ತಿರುವ ಎಲ್‌ಡಿಎಲ್ ಉಂಡೆಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಕೆಲಸ ಬೇರೆ. ಅದನ್ನು ಮಾಡಿಸುವುದು ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಗೆ ಅದು ತಡೆ ಹಾಕುತ್ತದೆ. ತನ್ನಲ್ಲಿ ಕೊರತೆ ಬಿದ್ದಾಗ ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ಅನ್ನು ಎಳೆದುಕೊಳ್ಳುತ್ತದೆ. ಹೀಗೆ ಎಲ್‌ಡಿಎಲ್ ನೂರಕ್ಕೆ 30ರಿಂದ 50ರಷ್ಟು ಇಳಿಯುತ್ತದೆ. ಮೀನು ಇದನ್ನು ಮಾಡಲಾರದು. ಮೀನಿನೆಣ್ಣೆಯನ್ನು ಔಷಧದ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಲ್ಲಿ ಎಲ್‌ಡಿಎಲ್ ಸ್ವಲ್ಪ ಏರುವುದೂ ಉಂಟು. ನಮ್ಮ ಮೀನುಗಾರರ ವರದಿಯ ಎರಡು ಸಾಲು ಎರಡು ದಿಕ್ಕಿಗೆ ಹೋದದ್ದು ಹೀಗೆ: ಬೂತಾಯಿಯಿಂದ ಟ್ರೈಗ್ಲಿಸರೈಡ್ ಇಳಿಯಿತು, ಮಾತ್ರೆ ಬಿಟ್ಟದ್ದರಿಂದ ಎಲ್‌ಡಿಎಲ್ ಏರಿತು.

ಹಾಗಾದರೆ ಮೀನು ಹೃದಯಕ್ಕೆ ಒಳ್ಳೆಯದು ಎಂಬ ಮಾತು ಎಲ್ಲಿಂದ ಬಂತು? ಅದರ ಹಿಂದೆ ದೊಡ್ಡ ಕಥೆ ಇದೆ, ಅದು ಶುರುವಾಗುವುದು ಗ್ರೀನ್‌ಲ್ಯಾಂಡಿನ ಹಿಮದಲ್ಲಿ.

1970ರಲ್ಲಿ ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡ್ಯೂರ್‌ಬರ್ಗ್ ಎಂಬ ಡೆನ್ಮಾರ್ಕಿನ ವೈದ್ಯರು ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಉಮಾನಾಕ್ ಸೀಮೆಗೆ ಹೋದರು. ಅಲ್ಲಿನ ಇನುಯಿಟ್ ಜನ ಸೀಲ್, ತಿಮಿಂಗಿಲ, ಮೀನು ತಿಂದು ಬದುಕುವವರು. ಸೊಪ್ಪು, ಹಣ್ಣು ತೀರಾ ಕಡಿಮೆ, ಊಟದ ತುಂಬ ಕೊಬ್ಬು. ಆದರೂ ಅವರಲ್ಲಿ ಹೃದಯಾಘಾತ ಅಪರೂಪ ಎಂಬ ಮಾತಿತ್ತು. ವೈದ್ಯರಿಬ್ಬರೂ 130 ಜನರ ರಕ್ತ ತೆಗೆದುಕೊಂಡು ಮರಳಿದರು. ಡೆನ್ಮಾರ್ಕಿನ ಜನರ ರಕ್ತದ ಪಕ್ಕ ಇಟ್ಟು ನೋಡಿದರೆ, ಇನುಯಿಟ್ ಜನರಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಟ್ರೈಗ್ಲಿಸರೈಡ್ ಅದಕ್ಕಿಂತಲೂ ಕಡಿಮೆ. ಆ ರಕ್ತದಲ್ಲಿ ಇಪಿಎ ತುಂಬಿಕೊಂಡಿತ್ತು. 1971ರಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್‌ಗಳ ಈ ಹೋಲಿಕೆ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಪ್ರಪಂಚದಾದ್ಯಂತ ಮಾರಾಟವಾಗುವ ಮೀನೆಣ್ಣೆಯ ಗುಳಿಗೆಗಳ ವಂಶವೃಕ್ಷದ ಬೇರು ಅಲ್ಲಿದೆ.

ಆದರೆ ಆ ಕಥೆಗೆ ಎರಡು ತಿದ್ದುಪಡಿಗಳು ಬಂದವು, ಅವು ಗುಳಿಗೆಯ ಡಬ್ಬಿಯ ಮೇಲೆ ಇರುವುದಿಲ್ಲ. ಇನುಯಿಟ್ ಜನರಲ್ಲಿ ಹೃದ್ರೋಗ ನಿಜಕ್ಕೂ ಅಷ್ಟು ಕಡಿಮೆ ಇತ್ತೇ ಎಂದು 2014ರಲ್ಲಿ ಕೆನಡಾದ ಸಂಶೋಧಕರು ಹಳೆಯ ದಾಖಲೆಗಳನ್ನು ಮತ್ತೆ ತಿರುವಿ ನೋಡಿದರು. ವೈದ್ಯರೇ ಇಲ್ಲದ ದೂರದ ನೆಲೆಗಳಲ್ಲಿ ಸತ್ತವರ ಸಾವಿನ ಕಾರಣ ಸರಿಯಾಗಿ ದಾಖಲಾಗಿರಲಿಲ್ಲ, ಹೃದ್ರೋಗ ಅವರಲ್ಲೂ ಉಳಿದವರಷ್ಟೇ ಇತ್ತು ಎಂಬುದು ಅವರ ತೀರ್ಮಾನ. ಮರುವರ್ಷ, 2015ರಲ್ಲಿ, ಇನುಯಿಟ್ ಜನರ ವಂಶವಾಹಿಗಳಲ್ಲೇ ಕಡಲಿನ ಕೊಬ್ಬಿಗೆ ಒಗ್ಗಿದ ಬದಲಾವಣೆಗಳಿವೆ ಎಂದು ಗೊತ್ತಾಯಿತು. ಸಾವಿರಾರು ವರ್ಷ ಹಿಮದಲ್ಲಿ ಬದುಕಿದವರ ಮೈಗೆ ಒಪ್ಪಿದ್ದು ಉಡುಪಿಯವರ ಮೈಗೂ ಹಾಗೆಯೇ ಒಪ್ಪಬೇಕೆಂದಿಲ್ಲ.

ನನ್ನ ಮಟ್ಟಿಗೆ ಗ್ರೀನ್‌ಲ್ಯಾಂಡಿಗಿಂತ ದೊಡ್ಡ ಸಾಕ್ಷಿ ವೇಲ್ಸ್‌ನದು. ಮೈಕೆಲ್ ಬರ್ ಮತ್ತು ಸಂಗಡಿಗರು ಅಲ್ಲಿ ಒಮ್ಮೆ ಹೃದಯಾಘಾತವಾಗಿ ಚೇತರಿಸಿಕೊಂಡ 2,033 ಗಂಡಸರನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ವಾರಕ್ಕೆ ಎರಡು ಸಲವಾದರೂ ಎಣ್ಣೆಮೀನು ತಿನ್ನಿ ಎಂದರು, ಉಳಿದವರಿಗೆ ಆ ಸಲಹೆ ಕೊಡಲಿಲ್ಲ. ಅವರು ಹೇಳಿದ ಎಣ್ಣೆಮೀನೆಂದರೆ ನಮ್ಮ ಬಂಗುಡೆ, ಬೂತಾಯಿಗಳ ದಾಯಾದಿಗಳು: ಮ್ಯಾಕೆರೆಲ್, ಹೆರಿಂಗ್, ಸಾರ್ಡೀನ್. ಎರಡು ವರ್ಷ ಕಳೆದಾಗ ಮೀನಿನ ಸಲಹೆ ಪಡೆದವರಲ್ಲಿ ಸಾವು ನೂರಕ್ಕೆ 29ರಷ್ಟು ಕಡಿಮೆ. ಈ ಫಲಿತಾಂಶ 1989ರಲ್ಲಿ ಹೊರಬಂತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೃದಯಾಘಾತಗಳ ಸಂಖ್ಯೆ ಅಷ್ಟಾಗಿ ಇಳಿದಿರಲಿಲ್ಲ, ಸಾಯುವವರ ಸಂಖ್ಯೆ ಇಳಿದಿತ್ತು. ಎರಡು ವರ್ಷದಲ್ಲಿ ರಕ್ತನಾಳದ ಪದರ ಕರಗಿ ಹೋಗುವಂತೆಯೂ ಇಲ್ಲ. ಹಾಗಾದರೆ ಉಳಿದದ್ದು ಹೇಗೆ? ಇಪಿಎ, ಡಿಎಚ್‌ಎ ಹೃದಯದ ಸ್ನಾಯುಕೋಶಗಳ ಪೊರೆಯಲ್ಲಿ ಸೇರಿಕೊಳ್ಳುತ್ತವೆ, ಆಗ ಹೃದಯ ಬಡಿತದ ಲಯ ಸುಲಭವಾಗಿ ಕೆಡುವುದಿಲ್ಲ ಎಂಬ ವಿವರಣೆಯನ್ನು ವಿಜ್ಞಾನಿಗಳು ಮುಂದಿಟ್ಟರು. ಹೃದಯಾಘಾತದಲ್ಲಿ ಹಲವರು ಆಸ್ಪತ್ರೆ ಸೇರುವ ಮುನ್ನವೇ ಸಾಯುವುದು ಲಯ ಕೆಟ್ಟು. ಅದರ ಜೊತೆಗೆ ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣವೂ ತುಸು ಕಡಿಮೆಯಾಗುತ್ತದೆ, ರಕ್ತದೊತ್ತಡವೂ ಸ್ವಲ್ಪ ತಗ್ಗುತ್ತದೆ. ಅಂದರೆ ಮೀನು ಹೃದಯಕ್ಕೆ ಮಾಡುವ ಉಪಕಾರದ ಬಹುಪಾಲು ಕೊಲೆಸ್ಟ್ರಾಲಿನ ದಾರಿಯಿಂದ ಬರುವುದೇ ಅಲ್ಲ. ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಇದು.

ಆದರೆ ಅದೇ ವೇಲ್ಸ್‌ನಲ್ಲಿ, ಅದೇ ತಂಡ, ಎದೆಸೆಳೆತವಿರುವ 3,114 ಗಂಡಸರ ಮೇಲೆ ಮಾಡಿದ ಎರಡನೆಯ ಪರೀಕ್ಷೆಯಲ್ಲಿ ಮೀನಿನಿಂದ ಲಾಭ ಕಾಣಲಿಲ್ಲ. ಮೀನೆಣ್ಣೆಯ ಗುಳಿಗೆ ತೆಗೆದುಕೊಂಡವರಲ್ಲಿ ಹಠಾತ್ ಸಾವು ಹೆಚ್ಚೇ ಇತ್ತು. 2003ರಲ್ಲಿ ಆ ತಂಡ ತನ್ನ ಮೊದಲ ಫಲಿತಾಂಶಕ್ಕೆ ಎದುರಾದ ಈ ಫಲಿತಾಂಶವನ್ನೂ ಮುಚ್ಚಿಡದೆ ಪ್ರಕಟಿಸಿತು. ವಿಜ್ಞಾನದ ಮೇಲೆ ನನಗೆ ಗೌರವ ಹೆಚ್ಚುವುದು ಇಂಥ ಕಡೆ.

ಗುಳಿಗೆಯ ಮಾತು ಬಂದ ಕಾರಣ ಅದನ್ನೂ ಹೇಳಿ ಮುಗಿಸುತ್ತೇನೆ. ಅಂಗಡಿಯಲ್ಲಿ ಸಿಗುವ ಹಳದಿ ಮೀನೆಣ್ಣೆಯ ಗುಳಿಗೆಯನ್ನು ಆರೋಗ್ಯವಂತರು ದಿನಕ್ಕೊಂದು ನುಂಗುವುದರಿಂದ ಹೃದಯಾಘಾತ ತಪ್ಪುತ್ತದೆಂಬ ನಂಬಿಕೆಯನ್ನು ದೊಡ್ಡ ಪರೀಕ್ಷೆಗಳು ಎತ್ತಿಹಿಡಿದಿಲ್ಲ. 2018ರಲ್ಲಿ ಅಮೆರಿಕದ 25,871 ಜನರ ಪರೀಕ್ಷೆ, ಅದೇ ವರ್ಷ ಬ್ರಿಟನ್ನಿನ 15,480 ಮಧುಮೇಹಿಗಳ ಪರೀಕ್ಷೆ, ಎರಡರಲ್ಲೂ ಪ್ರಧಾನ ಫಲಿತಾಂಶ ನಿರಾಶೆಯದೇ. 86 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2020ರ ಕಾಕ್ರೇನ್ ವಿಮರ್ಶೆಗೂ ಕಂಡದ್ದು ಟ್ರೈಗ್ಲಿಸರೈಡ್ ಇಳಿಯುವುದು ಮತ್ತು ಹೃದಯಕ್ಕೆ ಬಹಳ ಸಣ್ಣ ಲಾಭ. ಶುದ್ಧ ಇಪಿಎಯನ್ನು ದಿನಕ್ಕೆ 4 ಗ್ರಾಂ ಕೊಟ್ಟ ಒಂದು ಪರೀಕ್ಷೆಯಲ್ಲಿ ಒಳ್ಳೆಯ ಫಲ ಬಂದದ್ದುಂಟು. ಆದರೆ ಅದು ಟ್ರೈಗ್ಲಿಸರೈಡ್ ಹೆಚ್ಚಿದ್ದ, ಆಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳಿಗೆ, ವೈದ್ಯರು ಬರೆದುಕೊಟ್ಟ ಔಷಧವಾಗಿ. ಅಷ್ಟು ಪ್ರಮಾಣದಲ್ಲಿ ಕೆಲವರಿಗೆ ಹೃದಯದ ಮೇಲ್ಕೋಣೆಯ ಬಡಿತ ಅಡ್ಡಾದಿಡ್ಡಿಯಾಗುವ ತೊಂದರೆಯೂ ಬರುತ್ತದೆ. ಸ್ವಂತ ಬುದ್ಧಿಯಿಂದ ಡಬ್ಬಿಗಟ್ಟಲೆ ಕೊಂಡು ನುಂಗುವ ವಸ್ತು ಅದಲ್ಲ.

ಮೀನಾದರೋ ಬೇರೆ. ಬಟ್ಟಲಿನಲ್ಲಿ ಮೀನು ಬಂದಾಗ ಇನ್ನೊಂದು ಏನೋ ಬಟ್ಟಲಿನಿಂದ ಹೊರಹೋಗಿರುತ್ತದೆ. ಕೊಬ್ಬಿನ ಕುರಿಮಾಂಸದ ಬದಲು, ಬೇಕರಿಯ ಪಫ್ಫಿನ ಬದಲು ಬಂಗುಡೆ ಬಂದರೆ ಎಲ್‌ಡಿಎಲ್ ಏರಿಸುವ ಗಟ್ಟಿ ಕೊಬ್ಬು ಕಡಿಮೆಯಾಯಿತು. ಮೀನಿನ ಜೊತೆಗೆ ಒಳ್ಳೆಯ ಪ್ರೋಟೀನು, ಡಿ ಜೀವಸತ್ವ, ಬೂತಾಯಿಯನ್ನು ಮುಳ್ಳು ಸಹಿತ ಅಗಿದು ತಿಂದರೆ ಸುಣ್ಣದ ಅಂಶ, ಎಲ್ಲ ಬರುತ್ತವೆ. ಸುಮಾರು 1,91,000 ಜನರನ್ನು ಹಲವು ದೇಶಗಳಲ್ಲಿ ಗಮನಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ 175 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಮೀನು ತಿನ್ನುವ ಹೃದ್ರೋಗಿಗಳಿಗೆ ಅಪಾಯ ಕಡಿಮೆ ಇತ್ತು, ಅದರಲ್ಲೂ ಎಣ್ಣೆಮೀನು ತಿನ್ನುವವರಿಗೆ. ಹೃದ್ರೋಗ ಇಲ್ಲದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. 175 ಗ್ರಾಂ ಎಂದರೆ ವಾರಕ್ಕೆ ಎರಡು ಊಟದ ಮೀನು. ದಿನಾ ತಿನ್ನಬೇಕಾಗಿಲ್ಲ.

ಎರಡು ಊಟ ಸರಿ, ಆದರೆ ಅದನ್ನು ಬೇಯಿಸುವುದು ಹೇಗೆ? ಅಮೆರಿಕದಲ್ಲಿ 65 ದಾಟಿದ 3,910 ಜನರನ್ನು ವರ್ಷಗಟ್ಟಲೆ ಗಮನಿಸಿದಾಗ, ಸುಟ್ಟ ಅಥವಾ ಬೇಯಿಸಿದ ಮೀನು ತಿಂದವರಿಗೆ ಹೃದ್ರೋಗದ ಸಾವು ಕಡಿಮೆ ಇತ್ತು, ಕರಿದ ಮೀನು ತಿಂದವರಿಗೆ ಆ ಲಾಭ ಇರಲಿಲ್ಲ. ಹೋಟೆಲಿನಲ್ಲಿ ರವೆ ಹೊರಳಿಸಿ, ಬೆಳಗಿನಿಂದ ಕುದಿದ ಎಣ್ಣೆಯಲ್ಲಿ ಮುಳುಗಿಸಿ ತೆಗೆದ ಬಂಗುಡೆಯಿಂದ ಹೃದಯಕ್ಕೆ ಉಪಕಾರವಾದೀತೆಂದು ನಾನು ಹೇಳಲಾರೆ. ತೆಂಗಿನೆಣ್ಣೆಯ ಬಗ್ಗೆ ಕರಾವಳಿಯವರಿಗೆ ಬೇಸರವಾಗುವ ಮಾತನ್ನೂ ಹೇಳಲೇಬೇಕು: ಅದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಗಟ್ಟಿ ಕೊಬ್ಬು, ಬೇರೆ ಅಡುಗೆ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಏರಿಸುತ್ತದೆ. ಮೀನು ಕರಿಯಲು ಅದನ್ನೇ ಬಾಣಲೆ ತುಂಬ ಸುರಿಯುವ ಅಭ್ಯಾಸ ಇರುವ ಮನೆಗಳು ಅದನ್ನು ಬಿಡಬೇಕು.

ನಮ್ಮ ಅಜ್ಜಿಯರ ಅಡುಗೆಯಲ್ಲಿ ಉತ್ತರ ಇದೆ. ಬೂತಾಯಿ ಪುಳಿಮುಂಚಿಗೆ ಬೇಕಾದದ್ದು ಹುಣಸೆ, ಒಣಮೆಣಸು, ಬೆಳ್ಳುಳ್ಳಿ, ಶುಂಠಿ. ಮೀನಿನ ಎಣ್ಣೆಯೇ ಬಿಟ್ಟುಕೊಂಡು ಮಸಾಲೆಯ ಮೇಲೆ ತೇಲುತ್ತದೆ, ಬೇರೆ ಎಣ್ಣೆ ಒಂದು ಚಮಚ ಸಾಕು. ಉತ್ತರ ಕನ್ನಡದವರು ಜುಮ್ಮನಕಾಯಿ ಹಾಕಿ ಮಾಡುವ ಸಾರು, ಮಸಾಲೆ ಸವರಿ ಬಾಳೆಎಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸುವ ಬಂಗುಡೆ, ಇವೆಲ್ಲ ಹೃದಯಕ್ಕೆ ಒಪ್ಪುವ ಅಡುಗೆಗಳೇ. ಪಕ್ಕದಲ್ಲಿ ಅನ್ನದ ರಾಶಿ ಚಿಕ್ಕದಿರಲಿ. ಟ್ರೈಗ್ಲಿಸರೈಡ್ ಏರುವುದಕ್ಕೆ ನಮ್ಮಲ್ಲಿ ಎಣ್ಣೆಗಿಂತ ಹೆಚ್ಚು ಕಾರಣ ಬಿಳಿ ಅನ್ನ, ಸಕ್ಕರೆ ಮತ್ತು ಮದ್ಯ. ಮೀನು ತಿಂದು ಇಳಿಸಿದ್ದನ್ನು ಸಂಜೆಯ ಬಾಟಲಿ ಮತ್ತೆ ಏರಿಸಿಬಿಡುತ್ತದೆ.

ಒಣಮೀನಿನ ಪ್ರಿಯರು ಉಪ್ಪಿನ ಬಗ್ಗೆ ಯೋಚಿಸಿ. ರಕ್ತದೊತ್ತಡ ಇರುವವರಿಗೆ ಅದು ದಿನದ ಊಟವಲ್ಲ. ಗೌಟ್ ಇರುವವರಿಗೆ ಬೂತಾಯಿ ಕೀಲುನೋವು ಕೆರಳಿಸಬಹುದು. ಬಂಗುಡೆ, ಬೂತಾಯಿ ಐಸ್ ಇಲ್ಲದೆ ಬಿಸಿಲಿನಲ್ಲಿ ಬಿದ್ದರೆ ಅದರಲ್ಲಿ ಹಿಸ್ಟಮೀನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಹಾಗಾಗಿ ಕಿವಿರು ಕೆಂಪಗಿದೆಯೇ, ಹೊಟ್ಟೆ ಗಟ್ಟಿ ಇದೆಯೇ ನೋಡಿಯೇ ಕೊಳ್ಳಿ. ಪಾದರಸದ ಭಯ ಮಾತ್ರ ಈ ಚಿಕ್ಕ ಮೀನುಗಳಿಗೆ ಅಷ್ಟಾಗಿ ಇಲ್ಲ. ಅದು ಕೂಡಿಕೊಳ್ಳುವುದು ಶಾರ್ಕಿನಂಥ, ಬೇರೆ ಮೀನುಗಳನ್ನು ತಿಂದು ಹಲವು ವರ್ಷ ಬದುಕುವ ದೊಡ್ಡ ಮೀನುಗಳಲ್ಲಿ. ಅಗ್ಗದ ಮೀನು ಈ ಲೆಕ್ಕದಲ್ಲೂ ಗೆಲ್ಲುತ್ತದೆ.

ಮೀನು ಮುಟ್ಟದ ಕೇಳುಗರು ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೀರಿ. ನಿಮಗೂ ಒಂದು ಮಾತು ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆ ಬರುವ ಅಗಸೆ ಚಟ್ನಿಪುಡಿಯಲ್ಲಿ ಸಸ್ಯಮೂಲದ ಒಮೇಗಾ-3 ಇದೆ. ದೇಹ ಅದರಲ್ಲಿ ಸ್ವಲ್ಪ ಪಾಲನ್ನು ಮಾತ್ರ ಇಪಿಎ ಆಗಿ ಬದಲಾಯಿಸಿಕೊಳ್ಳುತ್ತದೆ, ಆದ್ದರಿಂದ ಅದು ಮೀನಿಗೆ ಸರಿಸಮವಲ್ಲ. ಆದರೆ ಅಗಸೆಯ ನಾರು ಎಲ್‌ಡಿಎಲ್ಅನ್ನು ಸ್ವಲ್ಪ ಇಳಿಸುತ್ತದೆ, ಮೀನಿಗೆ ಆಗದ ಕೆಲಸ ಅದು. ನೆನಪಿಡಿ, ಮೀನು ಕೂಡ ತನ್ನ ಒಮೇಗಾ-3ಅನ್ನು ತಾನೇ ತಯಾರಿಸುವುದು ತೀರಾ ಕಡಿಮೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಆಳದ ತಣ್ಣನೆ ನೀರು ಗೊಬ್ಬರದ ಸತ್ವ ಹೊತ್ತು ಮೇಲೇಳುತ್ತದೆ, ಆಗ ಕಣ್ಣಿಗೆ ಕಾಣದ ಪಾಚಿಗಳು ಕಡಲ ತುಂಬ ಹಬ್ಬುತ್ತವೆ. ಒಮೇಗಾ-3 ಹುಟ್ಟುವುದು ಆ ಹಸಿರಿನಲ್ಲಿ. ಬೂತಾಯಿ ಅದನ್ನು ಮೇಯ್ದು ಕೊಬ್ಬುತ್ತದೆ. ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಬೂತಾಯಿ ರುಚಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ಕೊಬ್ಬಿನ ರುಚಿಯನ್ನೇ.

ಆ ಹಿರಿಯರ ಕಾಲದಲ್ಲಿ ಬೂತಾಯಿ ಎಷ್ಟು ಸಿಗುತ್ತಿತ್ತೆಂದರೆ, ರಂಪಣಿ ಬಲೆ ಎಳೆದ ದಿನ ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರು, ಎಣ್ಣೆ ಕಾಯಿಸಿ ಮರದ ದೋಣಿಗೆ ಬಳಿಯುತ್ತಿದ್ದರು. ಈಗ ಅದು ಯಾವ ವರ್ಷ ಬರುತ್ತದೆ, ಯಾವ ವರ್ಷ ಕೈಕೊಡುತ್ತದೆ ಎಂಬುದೇ ತಿಳಿಯದು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಸಿಕ್ಕಿದ್ದು 3,297 ಟನ್. ಹೀಗಿದ್ದೂ ಬೆರಳುದ್ದದ ಮರಿಮೀನನ್ನು ಹಿಡಿದು ಫಿಶ್‌ಮೀಲ್ ಕಾರ್ಖಾನೆಗಳಿಗೆ ಸಾಗಿಸುತ್ತೇವೆ. ಅದು ಅಲ್ಲಿ ಪುಡಿಯಾಗಿ ಕೋಳಿಗೆ, ಸಾಕಿದ ಸೀಗಡಿಗೆ ಮೇವಾಗುತ್ತದೆ. ಬಡವರ ಹೃದಯಕ್ಕೆ ಕೈಗೆಟುಕುವ ಒಳ್ಳೆಯ ಮೀನನ್ನು ನಾವು ಹೀಗೆ ಕಳೆಯಬಾರದು. ಇದು ವೈದ್ಯನಾಗಿ ನನ್ನ ಖಚಿತ ಅಭಿಪ್ರಾಯ.

ನಮ್ಮ ಮೀನುಗಾರರು ಮಾತ್ರೆಯನ್ನು ಮತ್ತೆ ಶುರುಮಾಡಿದ್ದಾರೆ. ಬೂತಾಯಿಯನ್ನು ಬಿಡಲು ನಾನು ಹೇಳಲಿಲ್ಲ, ವಾರಕ್ಕೆ ಎರಡು ಸಲ ಪುಳಿಮುಂಚಿ ಮಾಡಿಸಿಕೊಳ್ಳಿ ಎಂದೆ. "ಹಾಗಾದರೆ ಎರಡೂ ಬೇಕು ಅಂತೀರಿ" ಎಂದರು. ಹೌದು, ಎರಡೂ ಬೇಕು.

ಕೇಳುಗರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಲಿಪಿಡ್ ಪ್ರೊಫೈಲ್ ವರದಿ ಕೈಗೆ ಬಂದಾಗ ಒಟ್ಟು ಕೊಲೆಸ್ಟ್ರಾಲ್ ಒಂದನ್ನೇ ನೋಡಿ ಮಡಚಿಡಬೇಡಿ, ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಸಾಲುಗಳನ್ನು ಬೇರೆ ಬೇರೆಯಾಗಿ ಓದಿಸಿಕೊಳ್ಳಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಎದೆ ಹಿಂಡಿದಂತಾಗಿ, ಬೆವರು ಕಿತ್ತುಬಂದು, ನೋವು ತೋಳಿಗೆ ಅಥವಾ ದವಡೆಗೆ ಹರಿದರೆ ಗ್ಯಾಸ್ ಎಂದುಕೊಂಡು ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ 108ಕ್ಕೆ ಕರೆ ಮಾಡಿ.